ಆರು ಮಕ್ಕಳು, ಅರ್ಧ ಗಂಟೆ, ಒಂದೊಂದೇ ಪ್ಯಾರಾ

ಓದುಗರ ಪತ್ರ: “ನಾನು ಮೂರನೇ ಕ್ಲಾಸಿಗೆ ಕನ್ನಡ ಹೇಳ್ಕೊಡ್ತೀನಿ. ಓದೋದ್ರಲ್ಲಿ ತುಂಬ ಹಿಂದಿರೋ ಆರು ಮಕ್ಕಳನ್ನ ವಾರಕ್ಕೆ ನಾಲ್ಕು ದಿನ ಅರ್ಧ ಗಂಟೆ ಬೇರೆ ಕೂರಿಸ್ಕೊಂಡು ಪಾಠದಲ್ಲಿ ಒಬ್ಬೊಬ್ಬರ ಕೈಲಿ ಒಂದೊಂದು ಪ್ಯಾರಾ ಓದಿಸ್ತೀನಿ. ಮೂರು ತಿಂಗಳಾಯ್ತು, ಇನ್ನೂ ಒಂದೊಂದೇ ಅಕ್ಷರ ಕೂಡಿಸ್ಕೊಂಡೇ ಓದ್ತಾರೆ. ಟೈಮರ್ ಇಟ್ಟು ಓದಿಸು, ಸ್ಪೀಡ್ ಬರುತ್ತೆ ಅಂತ ಜೊತೆಗಿರೋ ಟೀಚರ್ ಹೇಳ್ತಾರೆ. ಇಡ್ಲಾ? ಅಥವಾ ಹೀಗೆ ಬೇರೆ ಕೂರಿಸೋದೇ ತಪ್ಪಾ?”

ಟೀಚರ್, ನಮಸ್ಕಾರ. ಕೊನೇ ಪ್ರಶ್ನೆಗೆ ಮೊದ್ಲು ಉತ್ತರ ಹೇಳ್ಬಿಡ್ತೀನಿ. ಬೇರೆ ಕೂರಿಸೋದು ತಪ್ಪಲ್ಲ, ಕೂರಿಸದೇ ಇರೋದೇ ತಪ್ಪು. “ದೊಡ್ಡವರಾಗ್ತಾ ತಾನಾಗೇ ಸರಿಹೋಗುತ್ತೆ” ಅಂತ ಎಲ್ಲರೂ ಹೇಳ್ತಾರಲ್ಲ, ಹಾಗೆ ಸರಿಹೋಗೋದು ಕಮ್ಮಿ. ಕಾನೀ ಜುವೆಲ್ ಅನ್ನೋ ಸಂಶೋಧಕಿ ಅಮೆರಿಕದಲ್ಲಿ 54 ಮಕ್ಕಳನ್ನ ಒಂದನೇ ಕ್ಲಾಸಿಂದ ನಾಲ್ಕನೇ ಕ್ಲಾಸ್‌ವರೆಗೂ ನೋಡ್ಕೊಂಡು ಬಂದು 1988ರಲ್ಲಿ ಬರೆದ್ರು: ಒಂದನೇ ಕ್ಲಾಸ್ ಮುಗಿಯೋ ಹೊತ್ತಿಗೆ ಓದೋಕೆ ಒದ್ದಾಡ್ತಿದ್ದ ಮಗು ನಾಲ್ಕನೇ ಕ್ಲಾಸ್ ಮುಗಿಸುವಾಗ್ಲೂ ಹಾಗೇ ಒದ್ದಾಡ್ತಿರೋ ಸಾಧ್ಯತೆ 0.88. ಅಂದ್ರೆ ನೂರಕ್ಕೆ ಎಂಬತ್ತೆಂಟು. ಸುಮ್ನೆ ಕಾಯೋದಕ್ಕಿಂತ ನೀವು ಮಾಡ್ತಿರೋದು ಎಷ್ಟೋ ವಾಸಿ.

ಆದ್ರೆ ನೀವು ಮಾಡ್ತಿರೋ ರೀತಿ ಬಗ್ಗೆ ಒಂದು ಲೆಕ್ಕ ಹಾಕೋಣ, ಬೇಜಾರು ಮಾಡ್ಕೋಬೇಡಿ. ಮೂವತ್ತು ನಿಮಿಷ, ಆರು ಮಕ್ಕಳು, ಸರದಿ ಪ್ರಕಾರ ಓದು. ಒಬ್ಬರಿಗೆ ಸಿಗೋದು ಐದು ನಿಮಿಷ, ಅದ್ರಲ್ಲೂ ನೀವು ತಿದ್ದೋದು, ಇನ್ನೊಬ್ಬ ಪೆನ್ಸಿಲ್ ಬೀಳ್ಸೋದು, “ಎಲ್ಲಿದ್ದೀವಿ ಮಿಸ್” ಅಂತ ಕೇಳೋದು ಎಲ್ಲ ಸೇರಿದೆ. ಆ ಐದನ್ನೇ ಪೂರ್ತಿ ಹಿಡಿದ್ರೂ ವಾರಕ್ಕೆ ಇಪ್ಪತ್ತು ನಿಮಿಷ, ಹನ್ನೆರಡು ವಾರಕ್ಕೆ ನಾಲ್ಕು ಗಂಟೆ. ಮೂರು ತಿಂಗಳಲ್ಲಿ ಒಂದು ಮಗು ಬಾಯಿಬಿಟ್ಟು ಓದಿದ್ದು ಒಟ್ಟು ನಾಲ್ಕು ಗಂಟೆ! ಮಿಕ್ಕ ಇಪ್ಪತ್ತು ಗಂಟೆ ಅದು ಬೆರಳಿಟ್ಕೊಂಡು ತನ್ನ ಪ್ಯಾರಾ ಯಾವುದು ಬರುತ್ತೋ ಅಂತ ಎಣಿಸ್ತಾ, ಹೆದರ್ತಾ ಕೂತಿತ್ತು. ಇದು ನಿಮ್ಮೊಬ್ಬರ ತಪ್ಪಲ್ಲ, ನಮ್ಮನ್ನೆಲ್ಲ ಓದಿಸಿದ್ದೇ ಹೀಗೆ.

ಹಾಗಾಗಿ ಗುಂಪು ಚಿಕ್ಕದಾದ್ರೆ ಸಾಲದು, ಗುಂಪಲ್ಲಿ ಪ್ರತಿ ಮಗುವಿನ ಬಾಯೂ ಆಡ್ತಿರ್ಬೇಕು. ಮೊದಲ ಕೆಲಸ, ಆರನ್ನ ಮೂರು ಮೂರು ಮಾಡಿ. ಷಾರನ್ ವಾನ್ ಅನ್ನೋ ಸಂಶೋಧಕಿ ಮತ್ತವರ ತಂಡದವರು 2003ರಲ್ಲಿ ಎರಡನೇ ಕ್ಲಾಸ್ ಮಕ್ಕಳಲ್ಲಿ ಇದನ್ನೇ ಹೋಲಿಸಿ ನೋಡಿದ್ರು, ಒಬ್ಬ ಟೀಚರಿಗೆ ಒಂದು ಮಗು, ಮೂರು ಮಕ್ಕಳು, ಹತ್ತು ಮಕ್ಕಳು ಅಂತ. ಒಬ್ಬರಿಗೊಬ್ಬರು ಕೂತು ಓದಿಸಿದ್ದಕ್ಕೂ ಮೂರರ ಗುಂಪಿಗೂ ಹೇಳಿಕೊಳ್ಳೋ ವ್ಯತ್ಯಾಸ ಬರ್ಲಿಲ್ಲ, ಹತ್ತರ ಗುಂಪು ಮಾತ್ರ ಹಿಂದೆ ಬಿತ್ತು. ನಿಮಗಿರೋದು ಅದೇ ನಾಲ್ಕು ದಿನ ಅಂದ್ರೆ ಒಂದು ಗುಂಪಿಗೆ ಹದಿನೈದು ನಿಮಿಷ ಕೊಡಿ, ಆಗ ಇನ್ನೊಂದು ಗುಂಪು ನಿನ್ನೆ ಓದಿದ್ದನ್ನೇ ಜೋಡಿಯಾಗಿ ಓದ್ಕೊಳ್ಲಿ. ಇಪ್ಪತ್ತು ನಿಮಿಷ ಹೊಂದಿಸೋಕಾದ್ರೆ ಇನ್ನೂ ಒಳ್ಳೇದು.

ಯಾರನ್ನ ಯಾರ ಜೊತೆ ಕೂರಿಸ್ಬೇಕು ಅನ್ನೋದೇ ಇಲ್ಲಿ ನಿಜವಾದ ವಿಷ್ಯ. ಆರೂ ಜನ “ಒಂದೊಂದೇ ಅಕ್ಷರ ಕೂಡಿಸ್ಕೊಂಡೇ ಓದ್ತಾರೆ” ಅಂತ ನೀವು ಬರೆದಿದ್ದೀರಿ, ಆದ್ರೆ ನಿಧಾನಕ್ಕೆ ಕಾರಣ ಒಂದೇ ಇರಲ್ಲ. ಒಂದು ವಾರ ಪಾಠ ಪಕ್ಕಕ್ಕಿಟ್ಟು ಒಬ್ಬೊಬ್ಬರನ್ನೇ ಕರೆದು, ಅವರು ನೋಡಿರದ ಸುಲಭದ ಒಂದು ಪ್ಯಾರಾ ಕೊಟ್ಟು, ಅದರದ್ದೇ ಇನ್ನೊಂದು ಪ್ರತಿ ನಿಮ್ಮ ಕೈಲಿಟ್ಕೊಂಡು ಮಗು ಏನು ಓದ್ತೋ ಹಾಗ್ಹಾಗೇ ಬರ್ಕೊಳ್ಳಿ, ತಿದ್ದೋಕೆ ಹೋಗ್ಬೇಡಿ. ಒಬ್ಬ “ಕತ್ತೆ”ನ “ಕತೆ” ಅಂತಾನೆ, “ಸೂರ್ಯ”ನ “ಸೂಯರ” ಅಂತಾನೆ. ಪಾಪ, ಅವನು ಓದ್ತಿರೋದು ಕಣ್ಣಿಗೆ ಕಂಡ ಕ್ರಮದಲ್ಲೇ, ಅರ್ಕಾವೊತ್ತು ಬರೆಯೋದು ಅಕ್ಷರ ಆದ್ಮೇಲೆ, ಉಚ್ಚಾರ ಬರ್ಬೇಕಾದ್ದು ಅದಕ್ಕೆ ಮೊದ್ಲು ಅಂತ ಅವನಿಗೆ ಯಾರೂ ಬಿಡಿಸಿ ಹೇಳಿಲ್ಲ. ಇವನಿಗೆ ಬೇಕಿರೋದು ಒತ್ತಕ್ಷರ, ಸ್ಪೀಡಲ್ಲ. ಇನ್ನೊಬ್ಬಳು ಒಂದೂ ತಪ್ಪಿಲ್ಲದೆ ಓದ್ತಾಳೆ, ಆದ್ರೆ ಬೆ... ಳ... ಕು ಅಂತ ಎಣಿಸಿ ಎಣಿಸಿ, ವಾಕ್ಯದ ಕೊನೇಗೆ ಬರೋ ಹೊತ್ತಿಗೆ ಶುರು ಏನಿತ್ತು ಅಂತ ಮರೆತೇ ಹೋಗಿರುತ್ತೆ. ಮತ್ತೊಬ್ಬ ಮೊದಲಕ್ಷರ ನೋಡಿ, ಚಿತ್ರ ನೋಡಿ ಊಹೆ ಹೊಡೀತಾನೆ, ಕೇಳೋಕೆ ಚೆನ್ನಾಗೇ ಇರುತ್ತೆ. ಈ ಮೂವರನ್ನ ಒಟ್ಟಿಗೆ ಕೂರಿಸಿ ಒಂದೇ ಮದ್ದು ಕೊಟ್ರೆ ಯಾರಿಗೂ ನಾಟಲ್ಲ.

ಒತ್ತಕ್ಷರ ಬರ್ಲಿಲ್ಲ ಅಂತ ಗಾಬರಿ ಆಗ್ಬೇಡಿ. ಕಾಗುಣಿತ ಸೇರಿಸಿದ್ರೆ ಕನ್ನಡದಲ್ಲಿ ಮಗು ಗುರುತಿಸ್ಬೇಕಾದ ರೂಪಗಳು ನಾನೂರಕ್ಕೂ ಹೆಚ್ಚು, ಒತ್ತು ಬೇರೆ. ಕನ್ನಡ ಓದು ಕಲಿಯೋ ಮಕ್ಕಳ ಬಗ್ಗೆ ಸೊನಾಲಿ ನಾಗ್ ಮಾಡಿರೋ ಅಧ್ಯಯನ 2007ರಲ್ಲಿ ಬಂತು, ಅಕ್ಷರಗಳೆಲ್ಲ ಕೈವಶ ಆಗೋದು ಮೂರನೇ ಕ್ಲಾಸ್ ದಾಟಿ ಮುಂದಕ್ಕೂ ಎಳೆಯುತ್ತೆ ಅಂತ ಅದು ತೋರಿಸ್ತು. ಮೊದಲ ವರ್ಷವೇ ವರ್ಣಮಾಲೆ “ಮುಗೀತು” ಅಂತ ಟಿಕ್ ಹಾಕ್ಬಿಡ್ತೀವಲ್ಲ, ಎಡವಟ್ಟು ಶುರುವಾಗೋದೇ ಅಲ್ಲಿ.

ಈಗ ಎರಡನೇ ಥರದ ಮಗು, ತಪ್ಪಿಲ್ಲ ಆದ್ರೆ ಎಳೀತಾಳೆ ಅನ್ನೋಳು. ಲಬರ್ಜ್ ಮತ್ತು ಸ್ಯಾಮ್ಯುಯೆಲ್ಸ್ ಅಂತ ಇಬ್ಬರು ಸಂಶೋಧಕರು 1974ರಲ್ಲಿ ಹೇಳಿದ್ದು ಸರಳ ಮಾತು, ನಮ್ಮ ಗಮನ ಇರೋದೇ ಇಷ್ಟು, ಅದೆಲ್ಲ ಅಕ್ಷರ ಬಿಡಿಸೋಕೇ ಖರ್ಚಾದ್ರೆ ಅರ್ಥಕ್ಕೆ ಉಳಿಯಲ್ಲ. ಅದೇ ಸ್ಯಾಮ್ಯುಯೆಲ್ಸ್ 1979ರಲ್ಲಿ ಇದಕ್ಕೊಂದು ದಾರಿ ಬರೆದ್ರು: ಚಿಕ್ಕ ಭಾಗವೊಂದನ್ನ ಸಲೀಸಾಗೋವರೆಗೂ ಮತ್ತೆ ಮತ್ತೆ ಓದ್ಸಿ, ಆಮೇಲೆ ಹೊಸದಕ್ಕೆ ಹೋಗಿ. ಬಾಯಿಪಾಠ ಆಗ್ಬಿಡಲ್ವಾ ಅಂತ ನಿಮಗೆ ಅನ್ನಿಸ್ಬಹುದು. ಸ್ವಲ್ಪ ಆಗುತ್ತೆ, ಅದಕ್ಕೇ ಹೊಸ ಪ್ಯಾರಾದಲ್ಲೂ ಹಳೇ ಪದಗಳು ಬರೋ ಹಾಗೆ ಆರಿಸ್ಕೋಬೇಕು.

ಮೂರು ಮಕ್ಕಳ ಜೊತೆ ನಾನಾದ್ರೆ ಹೀಗೆ ಮಾಡ್ತೀನಿ. ಎಪ್ಪತ್ತು ಎಂಬತ್ತು ಪದದ ಒಂದು ಭಾಗ, ಇಪ್ಪತ್ತು ಪದಕ್ಕೆ ಒಂದಕ್ಕಿಂತ ಹೆಚ್ಚು ಕಡೆ ಎಡವ್ತಾರೆ ಅಂದ್ರೆ ಅದು ಬೇಡ, ಇನ್ನೂ ಸುಲಭದ್ದು. ಅದು ಮೂರನೇ ಕ್ಲಾಸಿನ ಪಾಠವೇ ಆಗ್ಬೇಕು ಅಂತೇನಿಲ್ಲ. ಅದ್ರಲ್ಲಿರೋ ತೊಡಕಿನ ನಾಲ್ಕು ಪದ ಮೊದ್ಲೇ ಬೋರ್ಡ್ ಮೇಲೆ ಬಿಡಿಸಿ ಕೂಡಿಸಿ ಆಯ್ತು. ಆಮೇಲೆ ನಾನು ಒಂದು ವಾಕ್ಯ ರಾಗವಾಗಿ ಅಲ್ಲ, ಮಾತಾಡೋ ಹಾಗೆ ಓದ್ತೀನಿ, ಅವರು ಬೆರಳಿಟ್ಟು ಅದೇ ವಾಕ್ಯ ಹೇಳ್ತಾರೆ. ಇನ್ನೊಂದ್ಸಲ ನಾಲ್ಕೂ ಜನ ಒಟ್ಟಿಗೆ, ನನ್ನ ದನಿ ಮೆಲ್ಲಗೆ ಇಳಿಸ್ತಾ. ಆಮೇಲೆ ಮೂರೂ ಮಕ್ಕಳು ಒಟ್ಟೊಟ್ಟಿಗೆ ತಮ್ಮಷ್ಟಕ್ಕೆ ಪಿಸುದನಿಯಲ್ಲಿ ಓದ್ಕೊಳ್ತಾರೆ, ನಾನು ಒಬ್ಬೊಬ್ಬರ ಹತ್ರ ಕಿವಿ ಕೊಡ್ತೀನಿ. ಗಲಾಟೆ ಇರುತ್ತೆ, ಇರ್ಲಿ. ಸಿಕ್ಕಿಹಾಕ್ಕೊಂಡ್ರೆ ಮನಸ್ಸಲ್ಲೇ ಮೂರು ಎಣಿಸಿ ಕಾಯಿರಿ, ನೀವು ಪದ ಹೇಳಿಕೊಡೋಕೆ ಮುಂಚೆ ಎಷ್ಟೋ ಸಲ ಅವರೇ ಬಿಡಿಸ್ಕೊಳ್ತಾರೆ. ಆಗ್ಲಿಲ್ಲ ಅಂದ್ರೆ ಪದ ಬಿಡಿಸಿ ತೋರಿಸಿ, ವಾಕ್ಯದ ಶುರುವಿಂದ ಮತ್ತೆ ಓದ್ಸಿ. ಕೊನೇಲಿ ಯಾರು ಏನು ಮಾಡಿದ್ರು, ಯಾಕೆ ಅಂತ ಎರಡು ಪ್ರಶ್ನೆ, ಮುಗೀತು.

ಇನ್ನು ಟೈಮರ್. ನಾನೂ ಒಮ್ಮೆ ಈ ಕೆಲಸ ಮಾಡಿ ಕೆಡಿಸ್ಕೊಂಡಿದ್ದೀನಿ. ನಾಲ್ಕು ಮಕ್ಕಳಿಗೆ ಸಂಜೆ ಹೊತ್ತು ಓದಿಸ್ತಿದ್ದಾಗ ಫೋನಲ್ಲಿ ಒಂದು ನಿಮಿಷದ ಅಲಾರಂ ಇಟ್ಟು, ಪದಗಳ ಸಂಖ್ಯೆ ಚಾರ್ಟಲ್ಲಿ ಬರೆದೆ. ನಾಲ್ಕನೇ ದಿನ ಒಬ್ಬ ಹುಡುಗ ಭಲೇ ಜೋರಾಗಿ ಓಡ್ತಿದ್ದಾನೆ ಅಂತ ಖುಷಿಪಟ್ಟು ಪುಸ್ತಕ ನೋಡಿದ್ರೆ ಎರಡು ಸಾಲು ಹಾರಿಸಿದ್ದ. ಕೇಳಿದ್ರೆ “ಸಾರ್, ಅದ್ರಲ್ಲಿ ದೊಡ್ಡ ಪದ ಇತ್ತು” ಅಂದ. ಚಾರ್ಟ್ ಹರಿದು ಹಾಕಿದೆ. ಸಲೀಸಾದ ಓದು ಅಂದ್ರೆ ತಪ್ಪಿಲ್ಲದಿರೋದು, ವೇಗ, ಮತ್ತೆ ಎಲ್ಲಿ ನಿಲ್ಲಿಸ್ಬೇಕೋ ಅಲ್ಲಿ ನಿಲ್ಲಿಸೋ ಧಾಟಿ, ಮೂರೂ ಸೇರಿದ್ದು. ಟೈಮರ್ ಅಳೆಯೋದು ಮಧ್ಯದ್ದನ್ನ ಮಾತ್ರ. ವಾರಕ್ಕೊಂದ್ಸಲ ನಿಮ್ಮ ತಿಳುವಳಿಕೆಗೆ ನೋಡ್ಕೊಳ್ಳಿ, ಗಡಿಯಾರ ಮಗುವಿಗೆ ಕಾಣೋದು ಬೇಡ. ಇಂಗ್ಲಿಷ್ ಮಕ್ಕಳ ನಿಮಿಷಕ್ಕಿಷ್ಟು ಪದ ಅನ್ನೋ ಪಟ್ಟಿ ತಂದು ಪಕ್ಕ ಇಡ್ಲೇಬೇಡಿ, “ಬರಬೇಕಾಗಿತ್ತಂತೆ” ಅನ್ನೋದು ನಮಗೆ ಒಂದೇ ಪದ! ಮಗುವನ್ನ ಅದರ ಹೋದ ವಾರದ ಓದಿನ ಜೊತೆ ಹೋಲಿಸಿದ್ರೆ ಸಾಕು.

“ದಡ್ಡರ ಗುಂಪು” ಅನ್ನೋ ಹೆಸರು ಬೀಳದೇ ಇರೋಕೆ ನನಗೆ ಗೊತ್ತಿರೋ ಉಪಾಯ ಒಂದೇ, ಕ್ಲಾಸಲ್ಲಿ ಎಲ್ಲ ಮಕ್ಕಳನ್ನೂ ಯಾವುದಾದ್ರೊಂದು ಗುಂಪಲ್ಲಿ ಕೂರಿಸೋದು, ಆರು ವಾರಕ್ಕೊಮ್ಮೆ ಮತ್ತೆ ಓದಿಸಿ ನೋಡಿ ಗುಂಪು ಕಲಸೋದು. ಒಬ್ಬರಿಬ್ಬರು ಇಷ್ಟಾದ್ರೂ ಕದಲ್ಲಿಲ್ಲ ಅಂದ್ರೆ ಕಣ್ಣು, ಕಿವಿ ತೋರಿಸೋಕೆ ಮನೆಯವರಿಗೆ ಹೇಳಿ, ಡಿಸ್ಲೆಕ್ಸಿಯಾ (ಓದು-ಬರಹ ಕಲಿಯೋದ್ರಲ್ಲಿ ಬರೋ ತೊಡಕು) ಇರ್ಬಹುದಾ ಅಂತ ತಿಳಿದವರ ಹತ್ರ ಪರೀಕ್ಷೆ ಮಾಡಿಸ್ಲಿ, ಅಲ್ಲೀವರೆಗೆ ಗುಂಪು ಮಾತ್ರ ನಿಲ್ಲಿಸ್ಬೇಡಿ.

ಒಬ್ಬೊಬ್ಬರನ್ನೇ ಓದಿಸಿ ಬರ್ಕೊಂಡ ಆ ಆರು ಹಾಳೆ ಎಸೀಬೇಡಿ. ಯಾರ್ಯಾರು ಎಲ್ಲಿ ಸಿಕ್ಕಿಹಾಕ್ಕೊಂಡ್ರು ಅಂತ ಮಕ್ಕಳ ಹೆಸರು ಬಿಟ್ಟು ನಮಗೂ ಬರೆದು ಕಳಿಸಿ, “ಸೂಯರ” ಅನ್ನೋರು ಆರಲ್ಲಿ ಎಷ್ಟು ಜನ ಸಿಕ್ತಾರೆ ಅಂತ ನನಗೂ ಕುತೂಹಲ ಇದೆ.

- ಸಂ.