ಬಿಡಿಭಾಗ ಬದಲಿಸುವ ಮುನ್ನ: ಕಾರು ಮಾಲೀಕರ ಪ್ರಶ್ನೆಗಳಿಗೆ ತಜ್ಞರ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಹೊಸದಾಗಿ ಕಾಣಿಸಿಕೊಂಡ ದೋಷದ ಕುರಿತಲ್ಲ, ಒಮ್ಮೆ ದುರಸ್ತಿಯಾಗಿಯೂ ಮರಳಿ ಬಂದ ದೋಷದ ಕುರಿತಾಗಿವೆ. ಬಹುತೇಕ ಎಲ್ಲರೂ ಯಾವ ಭಾಗವನ್ನು ಬದಲಿಸಿದರು ಎಂಬುದನ್ನು ವಿವರವಾಗಿ ಬರೆದಿದ್ದಾರೆ. ಬದಲಿಸುವ ಮುನ್ನ ಏನನ್ನು ಅಳೆದು ನೋಡಿದರು ಎಂಬುದನ್ನು ಬರೆದವರು ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಉತ್ತರಗಳಲ್ಲಿ ಆ ಅಳತೆಗಳಿಗೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ನನ್ನ ಪೆಟ್ರೋಲ್ ಕಾರಿಗೆ ಒಂಬತ್ತು ವರ್ಷವಾಗಿದೆ. ವಾಹನ ದಟ್ಟಣೆಯಲ್ಲಿ ನಿಧಾನವಾಗಿ ಸಾಗುವಾಗ ಎಂಜಿನ್ ಶಾಖ ತೋರಿಸುವ ಮುಳ್ಳು ಮೇಲೇರುತ್ತದೆ. ಹೆದ್ದಾರಿಯಲ್ಲಿ ವೇಗ ಹಿಡಿದ ಕೂಡಲೇ ತನ್ನ ಜಾಗಕ್ಕೆ ಇಳಿಯುತ್ತದೆ. ಮೊದಲು ಥರ್ಮೋಸ್ಟಾಟ್, ಆಮೇಲೆ ವಾಟರ್ ಪಂಪ್ ಬದಲಿಸಿದ್ದಾಯಿತು. ತೊಂದರೆ ಹಾಗೆಯೇ ಇದೆ. ಈಗ ಥರ್ಮೋಸ್ಟಾಟ್ ತೆಗೆದುಹಾಕಿಯೇ ಓಡಿಸಿ ಎಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ. ಕೂಲೆಂಟ್ ಕಡಿಮೆಯಾದಾಗಲೆಲ್ಲ ನಲ್ಲಿ ನೀರು ಹಾಕುತ್ತಿದ್ದೇನೆ. ಮುಂದೇನು ಮಾಡಲಿ?

ಉತ್ತರ: ನಿಮ್ಮ ಪ್ರಶ್ನೆಯ ಎರಡನೆಯ ವಾಕ್ಯದಲ್ಲಿಯೇ ಅರ್ಧ ಉತ್ತರವಿದೆ. ಕಾರು ವೇಗವಾಗಿ ಓಡುವಾಗ ಎದುರುಗಾಳಿಯೇ ರೇಡಿಯೇಟರಿನ ಮೂಲಕ ನುಗ್ಗಿ ಶಾಖವನ್ನು ಹೊತ್ತೊಯ್ಯುತ್ತದೆ. ನಿಧಾನವಾಗಿ ಚಲಿಸುವಾಗ ಅಥವಾ ನಿಂತಾಗ ಆ ಕೆಲಸವನ್ನು ಫ್ಯಾನ್ ಮಾಡಬೇಕು. ಥರ್ಮೋಸ್ಟಾಟ್ ಮುಚ್ಚಿದ ಸ್ಥಿತಿಯಲ್ಲಿ ಸಿಕ್ಕಿಕೊಂಡಿದ್ದರೆ, ಪಂಪಿನ ರೆಕ್ಕೆಗಳು ಸವೆದಿದ್ದರೆ ಅಥವಾ ರೇಡಿಯೇಟರಿನ ಒಳ ಕೊಳವೆಗಳು ಕಟ್ಟಿಕೊಂಡಿದ್ದರೆ ಎಂಜಿನ್ ಹೆಚ್ಚು ಶಾಖ ಹುಟ್ಟಿಸುವ ಹೆದ್ದಾರಿ ಓಟದಲ್ಲಿಯೇ, ಅದರಲ್ಲೂ ಏರುದಾರಿಯಲ್ಲಿ, ಮುಳ್ಳು ಮೊದಲು ಏಳುತ್ತಿತ್ತು. ನಿಮ್ಮ ಕಾರಿನಲ್ಲಿ ನಡೆಯುತ್ತಿರುವುದು ಅದಕ್ಕೆ ವಿರುದ್ಧವಾದದ್ದು. ಆದ್ದರಿಂದ ನಾನಾಗಿದ್ದರೆ ಪಂಪಿಗೆ ಕೈ ಹಾಕುವ ಮುನ್ನ ಫ್ಯಾನನ್ನೂ ಗಾಳಿ ಸಾಗುವ ದಾರಿಯನ್ನೂ ಪರೀಕ್ಷಿಸುತ್ತಿದ್ದೆ.

ಪರೀಕ್ಷೆ ಕಷ್ಟದ್ದಲ್ಲ. ಎಂಜಿನ್ ಚಾಲೂ ಇರಿಸಿ ಎಸಿ ಹಾಕಿ. ಹೆಚ್ಚಿನ ಕಾರುಗಳಲ್ಲಿ ಫ್ಯಾನ್ ಕೆಲವೇ ಕ್ಷಣಗಳಲ್ಲಿ ತಿರುಗತೊಡಗಬೇಕು. ತಿರುಗದಿದ್ದರೆ ಫ್ಯೂಸ್, ರಿಲೇ, ಮೋಟಾರಿನ ಕನೆಕ್ಟರ್, ಕೊನೆಗೆ ಮೋಟಾರ್, ಈ ಕ್ರಮದಲ್ಲಿ ನೋಡುತ್ತ ಹೋಗಬೇಕು. ತಿರುಗಿದ ಮಾತ್ರಕ್ಕೆ ಫ್ಯಾನ್ ಸರಿಯಿದೆ ಎಂದು ತೀರ್ಮಾನಿಸುವಂತಿಲ್ಲ. ಎರಡು ವೇಗಗಳಲ್ಲಿ ತಿರುಗುವ ಫ್ಯಾನುಗಳಲ್ಲಿ ಕಡಿಮೆ ವೇಗಕ್ಕೆ ಬೇಕಾದ ರೆಸಿಸ್ಟರ್ ಸುಟ್ಟುಹೋಗಿದ್ದರೆ, ಶಾಖ ತೀರ ಏರಿ ಹೆಚ್ಚಿನ ವೇಗ ಚಾಲೂ ಆಗುವವರೆಗೆ ಫ್ಯಾನ್ ಸುಮ್ಮನಿರುತ್ತದೆ. ಹಿಂದೆ ಯಾರಾದರೂ ಮೋಟಾರ್ ಬದಲಿಸಿ ತಂತಿಗಳನ್ನು ಅದಲುಬದಲು ಜೋಡಿಸಿದ್ದರೆ ಫ್ಯಾನ್ ತಿರುಗುತ್ತದೆ, ಆದರೆ ಗಾಳಿಯನ್ನು ಎಂಜಿನ್ ಕಡೆಗೆ ಎಳೆಯುವ ಬದಲು ಮುಂದಕ್ಕೆ ತಳ್ಳುತ್ತದೆ. ಗ್ರಿಲ್ ಮುಂದೆ ತೆಳು ಕಾಗದ ಹಿಡಿದರೆ ಅದು ಒಳಕ್ಕೆ ಸೆಳೆಯಲ್ಪಡಬೇಕು. ಈ ದೋಷವನ್ನು ಹಿಡಿಯಲು ಇದಕ್ಕಿಂತ ಅಗ್ಗದ ಉಪಾಯ ಇಲ್ಲ.

ಫ್ಯಾನ್ ಸರಿಯಿದ್ದರೆ, ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಯನ್ನು ಟಾರ್ಚ್ ಹಿಡಿದು ನೋಡಿ. ಒಂಬತ್ತು ವರ್ಷಗಳಲ್ಲಿ ಅಲ್ಲಿ ಧೂಳು, ಕೀಟ, ಒಣಗಿದ ಎಲೆಗಳು ಕಂಬಳಿಯಂತೆ ಹರಡಿಕೊಂಡಿರುತ್ತವೆ, ಮುಂದಿನಿಂದ ನೋಡಿದವರಿಗೆ ಮಾತ್ರ ಎಲ್ಲವೂ ಸ್ವಚ್ಛವಾಗಿ ಕಾಣುತ್ತದೆ. ಎಂಜಿನ್ ತಣಿದ ಮೇಲೆ ಒಳಗಿನಿಂದ ಹೊರಕ್ಕೆ, ಕಡಿಮೆ ಒತ್ತಡದ ನೀರಿನಿಂದ ತೊಳೆಯಬೇಕು. ಹೆಚ್ಚಿನ ಒತ್ತಡದ ನೀರು ಮೃದುವಾದ ಅಲ್ಯೂಮಿನಿಯಂ ರೆಕ್ಕೆಗಳನ್ನು ಮಡಚಿಹಾಕುತ್ತದೆ. ಫ್ಯಾನ್ ಸುತ್ತಲಿನ ಪ್ಲಾಸ್ಟಿಕ್ ಕವಚವನ್ನು ಯಾವುದೋ ದುರಸ್ತಿಯ ವೇಳೆ ತೆಗೆದಿಟ್ಟು ಮರೆತಿದ್ದರೆ ಅದನ್ನು ಮತ್ತೆ ಹಾಕಿಸಿ. ಅದಿಲ್ಲದಿದ್ದರೆ ಫ್ಯಾನ್ ರೇಡಿಯೇಟರಿನ ಪೂರ್ತಿ ಅಗಲದಿಂದ ಗಾಳಿ ಎಳೆಯಲಾರದು.

ಥರ್ಮೋಸ್ಟಾಟ್ ತೆಗೆದು ಓಡಿಸುವ ಸಲಹೆಯನ್ನು ದಯವಿಟ್ಟು ಒಪ್ಪಬೇಡಿ. ಸಾಮಾನ್ಯವಾಗಿ 82 ರಿಂದ 95 ಡಿಗ್ರಿ ಸೆಲ್ಸಿಯಸ್ ನಡುವೆ ತೆರೆದುಕೊಳ್ಳುವ ಈ ಕವಾಟ ಎಂಜಿನ್ ಬೇಗ ಬಿಸಿಯಾಗಲೆಂದೂ ಆ ಶಾಖದಲ್ಲಿಯೇ ಸ್ಥಿರವಾಗಿರಲೆಂದೂ ಇದೆ. ಅದಿಲ್ಲದ ಎಂಜಿನ್ ಬಹುಕಾಲ ತಣ್ಣಗೇ ಓಡುತ್ತದೆ. ಇಂಧನ ಹೆಚ್ಚು ಖರ್ಚಾಗುತ್ತದೆ, ಆಯಿಲಿನಲ್ಲಿ ಸೇರಿದ ತೇವ ಆವಿಯಾಗದೆ ಉಳಿಯುತ್ತದೆ, ಸಿಲಿಂಡರುಗಳು ಬೇಗ ಸವೆಯುತ್ತವೆ. ಹೀಗೆ ಮೂಲ ದೋಷವನ್ನು ಮರೆಮಾಡಿ ಇನ್ನೊಂದನ್ನು ತಂದುಕೊಳ್ಳುವುದನ್ನು ದುರಸ್ತಿ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಚಿಂತೆಗೀಡುಮಾಡಿದ್ದು ಕೊನೆಯ ಮಾತು. ಮೊದಲನೆಯದಾಗಿ, ಮುಚ್ಚಿದ ವ್ಯವಸ್ಥೆಯಲ್ಲಿ ಕೂಲೆಂಟ್ ಪದೇ ಪದೇ ಕಡಿಮೆಯಾಗುವಂತಿಲ್ಲ; ಆಗುತ್ತಿದೆ ಎಂದರೆ ಅದು ಎಲ್ಲಿಗೋ ಹೋಗುತ್ತಿದೆ. ರೇಡಿಯೇಟರ್ ಅಥವಾ ಕೂಲೆಂಟ್ ಟ್ಯಾಂಕಿನ ಮುಚ್ಚಳದ ರಬ್ಬರ್ ಸಡಿಲಗೊಂಡಿದ್ದರೂ ಹೀಗಾಗಬಹುದು. ಎಥಿಲೀನ್ ಗ್ಲೈಕಾಲ್ ಮತ್ತು ನೀರಿನ ಸಮಪಾಲಿನ ಮಿಶ್ರಣ ತೆರೆದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿಯಲ್ಲಿ ಕುದಿಯುತ್ತದೆ. ಮುಚ್ಚಳ ಸುಮಾರು 1 ಬಾರ್ ಒತ್ತಡವನ್ನು ಹಿಡಿದಿಟ್ಟಾಗ ಅದೇ ಮಿಶ್ರಣ ಕುದಿಯಲು 129 ಡಿಗ್ರಿಯ ಹತ್ತಿರಕ್ಕೆ ಬರಬೇಕು. ಒತ್ತಡ ನಿಲ್ಲದ ಮುಚ್ಚಳದಿಂದ ಕೂಲೆಂಟ್ ಬೇಗ ಕುದಿದು ಹೊರಚೆಲ್ಲುತ್ತದೆ. ಹೊಸ ಮುಚ್ಚಳ ಹಾಕಿದ ಮೇಲೂ ಮಟ್ಟ ಇಳಿಯುತ್ತಿದ್ದರೆ ಒತ್ತಡ ಪರೀಕ್ಷೆ ಮಾಡಿಸಿ. ಹೊರಗೆಲ್ಲೂ ಸೋರಿಕೆ ಕಾಣದಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ತಲೆಭಾಗ ಮತ್ತು ಕೆಳಭಾಗದ ನಡುವೆ ಸೋರಿಕೆ ತಡೆಯುವ ಪದರ) ಮೇಲೆ ಸಂಶಯಪಡಬೇಕಾಗುತ್ತದೆ. ಅದಕ್ಕೂ ಎಂಜಿನ್ ಬಿಚ್ಚದೆಯೇ ನಡೆಸಬಹುದಾದ ಪರೀಕ್ಷೆಯಿದೆ: ಟ್ಯಾಂಕಿನ ಬಾಯಿಯ ಗಾಳಿಯನ್ನು ನೀಲಿ ಬಣ್ಣದ ದ್ರವದ ಮೂಲಕ ಹಾಯಿಸುತ್ತಾರೆ, ದಹನದ ಅನಿಲ ಕೂಲೆಂಟಿನಲ್ಲಿ ಬೆರೆಯುತ್ತಿದ್ದರೆ ದ್ರವ ಹಳದಿಗೆ ತಿರುಗುತ್ತದೆ.

ಎರಡನೆಯದಾಗಿ, ನಲ್ಲಿ ನೀರಿನಲ್ಲಿರುವ ಲವಣಗಳು ಒಳಗೋಡೆಗಳ ಮೇಲೆ ಗಟ್ಟಿ ಪದರವಾಗಿ ಕೂರುತ್ತವೆ. ತುಕ್ಕು ತಡೆಯುವ ರಾಸಾಯನಿಕಗಳು ಪ್ರತಿ ಬಾರಿ ನೀರು ಸೇರಿಸಿದಾಗಲೂ ತೆಳುವಾಗುತ್ತವೆ. ವ್ಯವಸ್ಥೆಯನ್ನು ಒಮ್ಮೆ ಪೂರ್ತಿ ತೊಳೆಸಿ, ಕಾರಿನ ಕೈಪಿಡಿಯಲ್ಲಿ ಹೇಳಿದ ವಿಧದ ಕೂಲೆಂಟನ್ನು ಖನಿಜರಹಿತ ನೀರಿನೊಂದಿಗೆ ತುಂಬಿಸಿ. ಬಣ್ಣ ನೋಡಿ ಕೂಲೆಂಟ್ ಆರಿಸಬೇಡಿ, ಏಕೆಂದರೆ ಬಣ್ಣಕ್ಕೆ ಎಲ್ಲ ತಯಾರಕರೂ ಪಾಲಿಸುವ ನಿಯಮವೇ ಇಲ್ಲ. ತುಂಬಿಸಿದ ಮೇಲೆ ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಹೊರತೆಗೆಯಲೇಬೇಕು. ಪಂಪ್ ಬದಲಿಸಿದಾಗ ಇದನ್ನು ಮಾಡಿರದಿದ್ದರೆ ನಿಮ್ಮ ಈಗಿನ ತೊಂದರೆಯಲ್ಲಿ ಅದರ ಪಾಲೂ ಇರಬಹುದು. ಎಂಜಿನ್ ಬಿಸಿಯಾಗಿದ್ದರೂ ಹೀಟರಿನಿಂದ ತಣ್ಣನೆಯ ಗಾಳಿ ಬರುವುದು ಅದರ ಗುರುತು.

ಇನ್ನೊಂದು ಮಾತು. ಈಗಿನ ಬಹಳಷ್ಟು ಕಾರುಗಳಲ್ಲಿ ಶಾಖದ ಮುಳ್ಳು ಸಾಕಷ್ಟು ವಿಸ್ತಾರವಾದ ವ್ಯಾಪ್ತಿಯಲ್ಲಿ ನಡುವಿನಲ್ಲಿಯೇ ನಿಲ್ಲುವಂತೆ ತಯಾರಕರು ಹೊಂದಿಸಿರುತ್ತಾರೆ. ಅಂಥ ಮುಳ್ಳು ಅಲುಗಿದೆ ಎಂದರೆ ಶಾಖ ಆಗಲೇ ಬಹಳ ಏರಿದೆ ಎಂದು ತಿಳಿಯಬೇಕು. ಕೆಂಪು ಗೆರೆಯತ್ತ ಸಾಗಿದರೆ ಎಸಿ ಆರಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಸುರಕ್ಷಿತ ಜಾಗದಲ್ಲಿ ಕಾರು ನಿಲ್ಲಿಸಿ ಎಂಜಿನ್ ಆರಿಸಿ. ಪೂರ್ತಿ ತಣಿಯುವವರೆಗೆ ಮುಚ್ಚಳ ಮುಟ್ಟಬೇಡಿ.

ಪ್ರಶ್ನೆ: ವೇಗದಲ್ಲಿ ಬ್ರೇಕ್ ಒತ್ತಿದಾಗ ಸ್ಟಿಯರಿಂಗ್ ನಡುಗುತ್ತದೆ. ಮುಂದಿನ ಎರಡೂ ಡಿಸ್ಕ್‌ಗಳನ್ನು ಬದಲಿಸಿದೆ. ಕೆಲವು ತಿಂಗಳು ಸರಿಯಾಗಿತ್ತು, ಈಗ ಮತ್ತೆ ನಡುಕ ಶುರುವಾಗಿದೆ. ಡಿಸ್ಕ್‌ಗಳು ಕಳಪೆ ಗುಣಮಟ್ಟದವೇ? ಬ್ರೇಕ್ ಆಯಿಲ್ ಬದಲಿಸಿದರೆ ಸರಿಹೋಗುತ್ತದೆಯೇ?

ಉತ್ತರ: ಡಿಸ್ಕ್ ಕಳಪೆ ಎಂದು ಹೇಳುವ ಮುನ್ನ, ಅದು ಕೂರುವ ಹಬ್ಬಿನ, ಅಂದರೆ ಚಕ್ರ ಜೋಡಿಸುವ ನಡುಭಾಗದ, ಮುಖವನ್ನು ನೋಡಬೇಕು. ಹಳೆಯ ಡಿಸ್ಕ್ ತೆಗೆದಾಗ ಅಲ್ಲಿರುವ ತುಕ್ಕನ್ನು ಕೆರೆದು ಸ್ವಚ್ಛಮಾಡದೆ ಹೊಸದನ್ನು ಕೂರಿಸಿದರೆ ಅದು ಕೂದಲೆಳೆಯಷ್ಟು ಓರೆಯಾಗಿ ನಿಲ್ಲುತ್ತದೆ. ಮೊದಲ ದಿನ ನಿಮಗೇನೂ ಗೊತ್ತಾಗುವುದಿಲ್ಲ. ಆದರೆ ಬ್ರೇಕ್ ಒತ್ತದೆ ಓಡುವಾಗಲೂ ಡಿಸ್ಕಿನ ಅದೇ ಭಾಗ ಪ್ರತಿ ಸುತ್ತಿನಲ್ಲಿ ಪ್ಯಾಡನ್ನು ಸವರಿಕೊಂಡು ಹೋಗುತ್ತದೆ. ಸಾವಿರಾರು ಕಿಲೋಮೀಟರ್ ಕಳೆಯುವಷ್ಟರಲ್ಲಿ ಡಿಸ್ಕಿನ ದಪ್ಪ ಒಂದೆಡೆ ಹೆಚ್ಚು, ಒಂದೆಡೆ ಕಡಿಮೆಯಾಗುತ್ತದೆ. 0.02 ಮಿಲಿಮೀಟರ್ ವ್ಯತ್ಯಾಸವೂ ಸ್ಟಿಯರಿಂಗ್ ನಡುಗಿಸಲು ಸಾಕು. ‘ಕೆಲವು ತಿಂಗಳು ಸರಿಯಾಗಿತ್ತು’ ಎಂಬ ನಿಮ್ಮ ಮಾತು ಇದಕ್ಕೆ ತಾಳೆಯಾಗುತ್ತದೆ.

ಡಯಲ್ ಗೇಜ್ ಇಟ್ಟು ಡಿಸ್ಕಿನ ಓಲಾಟವನ್ನೂ, ಮೈಕ್ರೋಮೀಟರಿನಿಂದ ಸುತ್ತಲೂ ಹಲವು ಬಿಂದುಗಳಲ್ಲಿ ದಪ್ಪವನ್ನೂ ಅಳೆದು ತಯಾರಕರ ಮಿತಿಯೊಂದಿಗೆ ಹೋಲಿಸಬೇಕು. ಈ ಎರಡು ಉಪಕರಣಗಳಿಲ್ಲದ ಗ್ಯಾರೇಜಿನಲ್ಲಿ ಈ ದೋಷಕ್ಕೆ ಚಿಕಿತ್ಸೆ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಚಕ್ರದ ನಟ್‌ಗಳನ್ನು ಗಾಳಿಯ ಗನ್ನಿನಿಂದ ಮನಬಂದಂತೆ ಬಿಗಿದರೂ ಡಿಸ್ಕ್ ಓರೆಯಾಗಬಹುದು. ಟಾರ್ಕ್ ರೆಂಚ್ ಬಳಸಿ, ಎದುರುಬದುರಿನ ಕ್ರಮದಲ್ಲಿ ಬಿಗಿಯುವಂತೆ ಹೇಳಿ. ಓಟದ ನಂತರ ಒಂದು ಚಕ್ರ ಮಾತ್ರ ಹೆಚ್ಚು ಬಿಸಿಯಾಗಿದ್ದರೆ ಅಲ್ಲಿ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಪಿನ್‌ಗಳು ಬಿಗಿದುಕೊಂಡಿರಬಹುದು. ಚೆನ್ನಾಗಿ ಕಾದ ಬ್ರೇಕಿನ ಮೇಲೆ ಕಾಲಿಟ್ಟು ಬಹಳ ಹೊತ್ತು ನಿಂತರೆ ಪ್ಯಾಡಿನ ವಸ್ತು ಡಿಸ್ಕಿನ ಒಂದೇ ಜಾಗಕ್ಕೆ ಅಂಟಿಕೊಂಡು ನಡುಕ ಹುಟ್ಟುವುದೂ ಉಂಟು. ‘ಡಿಸ್ಕ್ ಬಾಗಿದೆ’ ಎಂದು ಹೇಳುವ ಎಷ್ಟೋ ಸಂದರ್ಭಗಳಲ್ಲಿ ಡಿಸ್ಕ್ ಬಾಗಿರುವುದೇ ಇಲ್ಲ.

ಬ್ರೇಕ್ ಆಯಿಲ್ ಬದಲಿಸುವುದರಿಂದ ಈ ನಡುಕ ಹೋಗುವುದಿಲ್ಲ. ಆದರೂ ಅದನ್ನು ಕಾಲಕಾಲಕ್ಕೆ ಬದಲಿಸಲೇಬೇಕು, ಏಕೆಂದರೆ ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವ 230 ಡಿಗ್ರಿಗಿಂತ ಕೆಳಗೆ ಕುದಿಯಬಾರದು ಎಂದು ಮಾನದಂಡ ಹೇಳುತ್ತದೆ. ತೇವ ಸೇರಿದ ದ್ರವಕ್ಕೆ ಅದೇ ಮಾನದಂಡ ಇಟ್ಟಿರುವ ಕನಿಷ್ಠ ಮಿತಿ 155 ಡಿಗ್ರಿ. ಉದ್ದದ ಇಳಿಜಾರಿನಲ್ಲಿ ಪೆಡಲ್ ಹಠಾತ್ತನೆ ಮೆತ್ತಗಾಗುವುದು ದ್ರವ ಹೀಗೆ ಕುದಿದಾಗ. ಕೈಪಿಡಿಯಲ್ಲಿ ಬೇರೆ ಅವಧಿ ಹೇಳದಿದ್ದರೆ ಎರಡು ವರ್ಷಕ್ಕೊಮ್ಮೆ ಬದಲಿಸಿ.

ಪ್ರಶ್ನೆ: ಕಾರನ್ನು ನಾಲ್ಕೈದು ದಿನ ನಿಲ್ಲಿಸಿದರೆ ಸ್ಟಾರ್ಟ್ ಆಗುವುದಿಲ್ಲ. ಹೊಸ ಬ್ಯಾಟರಿ ಹಾಕಿದೆ, ಅದೂ ಹಾಗೆಯೇ ಆಯಿತು. ಎರಡನೆಯ ಬ್ಯಾಟರಿ ಕೂಡ ಕೆಟ್ಟಿದ್ದೇ ಬಂದಿರಬಹುದೇ?

ಉತ್ತರ: ಬಹುಶಃ ಇಲ್ಲ, ಯಾವುದೋ ಸಾಧನ ಅದನ್ನು ಬರಿದು ಮಾಡುತ್ತಿದೆ. ಲೆಕ್ಕ ಹಾಕಿ ನೋಡಿ. ನಿಲ್ಲಿಸಿದ ಕಾರು ಗಡಿಯಾರ, ಅಲಾರಂ ಮುಂತಾದವುಗಳಿಗೆ ಸಾಮಾನ್ಯವಾಗಿ 50 ಮಿಲಿಆಂಪಿಯರಿಗಿಂತ ಕಡಿಮೆ ವಿದ್ಯುತ್ ಎಳೆಯುತ್ತದೆ. ಅದು ದಿನಕ್ಕೆ 1.2 ಆಂಪಿಯರ್-ಅವರ್ ಆಯಿತು. ಎಳೆತ 500 ಮಿಲಿಆಂಪಿಯರ್ ಆಗಿದ್ದರೆ ದಿನಕ್ಕೆ 12 ಆಂಪಿಯರ್-ಅವರ್ ಹೋಗುತ್ತದೆ, 45 ಆಂಪಿಯರ್-ಅವರ್ ಬ್ಯಾಟರಿ ನಾಲ್ಕನೆಯ ದಿನ ಖಾಲಿ.

ಮೊದಲು ಸಾಮಾನ್ಯ ಮಲ್ಟಿಮೀಟರಿನಿಂದ ಎರಡು ಅಳತೆ ತೆಗೆದುಕೊಳ್ಳಿ. ಕೆಲವು ತಾಸು ಸುಮ್ಮನಿದ್ದ, ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು, 12.2ರ ಆಸುಪಾಸಿಗೆ ಬಂದರೆ ಅರ್ಧದಷ್ಟು ಮುಗಿದಿದೆ. ಎಂಜಿನ್ ಓಡುವಾಗ ಹೆಚ್ಚಿನ ಕಾರುಗಳಲ್ಲಿ 13.8 ರಿಂದ 14.5 ವೋಲ್ಟ್ ಬಂದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿದೆ ಎಂದರ್ಥ. ಎರಡೂ ಸರಿಯಿದ್ದರೆ ನೆಗೆಟಿವ್ ತಂತಿ ಮತ್ತು ಬ್ಯಾಟರಿ ನಡುವೆ ಆಮೀಟರ್ ಜೋಡಿಸಿ, ಕಾರು ಲಾಕ್ ಮಾಡಿ ಕಾಯಬೇಕು. ಇಲ್ಲಿ ತಾಳ್ಮೆ ಬೇಕು: ಎಲೆಕ್ಟ್ರಾನಿಕ್ ಘಟಕಗಳು ‘ನಿದ್ದೆ’ಗೆ ಜಾರಲು ಕೆಲವು ಕಾರುಗಳಲ್ಲಿ ಅರ್ಧ ತಾಸಿಗಿಂತ ಹೆಚ್ಚು ಹಿಡಿಯುತ್ತದೆ, ಅದಕ್ಕೂ ಮುನ್ನ ಓದಿದ ಅಂಕಿ ದಾರಿ ತಪ್ಪಿಸುತ್ತದೆ. ಆಮೇಲೂ ಎಳೆತ ಹೆಚ್ಚಿದ್ದರೆ ಫ್ಯೂಸ್‌ಗಳನ್ನು ಒಂದೊಂದಾಗಿ ತೆಗೆಯುತ್ತ, ಯಾವುದನ್ನು ತೆಗೆದಾಗ ಅಂಕಿ ಇಳಿಯಿತು ಎಂದು ನೋಡಿ. ಮೀಟರ್ ಜೋಡಿಸಿರುವಾಗ ತಪ್ಪಿಯೂ ಸ್ಟಾರ್ಟ್ ಮಾಡಬೇಡಿ. ಸ್ಟಾರ್ಟರ್ ಎಳೆಯುವ ವಿದ್ಯುತ್ ಮೀಟರಿನ ಮಿತಿಗಿಂತ ಎಷ್ಟೋ ಪಟ್ಟು ಹೆಚ್ಚು.

ಹೊರಗಿನಿಂದ ಹಾಕಿಸಿದ ಡ್ಯಾಶ್ ಕ್ಯಾಮೆರಾ ಮತ್ತು ಮ್ಯೂಸಿಕ್ ಸಿಸ್ಟಂ, ಮುಚ್ಚಿದ ಮೇಲೂ ಆರದ ಡಿಕ್ಕಿಯ ದೀಪ, ಅಂಟಿಕೊಂಡ ರಿಲೇ, ಇವೇ ಪದೇ ಪದೇ ಸಿಕ್ಕಿಬೀಳುವವು. ಫ್ಯೂಸ್‌ಗಳಿಂದ ಸುಳಿವು ಸಿಗದಿದ್ದರೆ ಆಲ್ಟರ್ನೇಟರಿನ ಡಯೋಡ್ ಪರೀಕ್ಷಿಸಿ. ಕಾರಣ ಸಿಗುವವರೆಗೆ ಮೂರನೆಯ ಬ್ಯಾಟರಿ ಕೊಳ್ಳಬೇಡಿ, ಪೂರ್ತಿ ಬರಿದಾಗಿ ಹಾಗೆಯೇ ಉಳಿಯುವ ಸೀಸ-ಆಮ್ಲ ಬ್ಯಾಟರಿಯ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಅದೂ ಬೇಗ ಹಾಳಾಗುತ್ತದೆ.

ಪ್ರಶ್ನೆ: ಚೆಕ್ ಎಂಜಿನ್ ದೀಪ ಉರಿಯುತ್ತಿದೆ. ಸ್ಕ್ಯಾನರಿನಲ್ಲಿ ಪಿ0171 ಎಂಬ ಕೋಡ್ ಬಂತು. ಆಕ್ಸಿಜನ್ ಸೆನ್ಸರ್ ಬದಲಿಸಬೇಕು ಎಂದರು. ಬದಲಿಸಲೇ?

ಉತ್ತರ: ಈಗಲೇ ಬೇಡ. ಮೊದಲ ಸಾಲಿನ ಸಿಲಿಂಡರುಗಳಲ್ಲಿ ಗಾಳಿಯ ಪ್ರಮಾಣಕ್ಕೆ ಇಂಧನ ಕಡಿಮೆಯಾಗಿದೆ ಎಂಬುದಷ್ಟೇ ಆ ಕೋಡಿನ ಅರ್ಥ. ಹೊಗೆಯಲ್ಲಿನ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರ್ ಆ ಸುದ್ದಿಯನ್ನು ತಂದಿದೆ, ದೋಷ ಅದರದ್ದೇ ಆಗಿರಬೇಕೆಂದಿಲ್ಲ. ಸೀಳಿದ ವ್ಯಾಕ್ಯೂಮ್ ಪೈಪ್, ಕೊಳೆಯಾದ ಏರ್ ಫ್ಲೋ ಸೆನ್ಸರ್, ದುರ್ಬಲಗೊಂಡ ಇಂಧನ ಪಂಪ್, ಇವುಗಳಲ್ಲಿ ಯಾವುದೂ ಕಾರಣವಾಗಿರಬಹುದು. ಅದೇ ಸ್ಕ್ಯಾನರಿನಲ್ಲಿ ಫ್ಯೂಯಲ್ ಟ್ರಿಮ್ ಎಂಬ ಅಂಕಿಯನ್ನು, ಅಂದರೆ ಎಂಜಿನ್ ಕಂಪ್ಯೂಟರ್ ಇಂಧನವನ್ನು ಎಷ್ಟು ಹೆಚ್ಚು-ಕಡಿಮೆ ಮಾಡುತ್ತಿದೆ ಎಂಬುದನ್ನು, ನೋಡಲು ಹೇಳಿ. ಐಡಲ್‌ನಲ್ಲಿ ಅದು ಹೆಚ್ಚಿದ್ದು ಎಂಜಿನ್ ವೇಗ ಹೆಚ್ಚಿಸಿದಾಗ ಇಳಿದರೆ ಗಾಳಿ ಸೋರಿಕೆಯನ್ನು ಹುಡುಕಿ. ಭಾರ ಬಿದ್ದಾಗ ಏರಿದರೆ ಇಂಧನ ಪೂರೈಕೆ ಅಥವಾ ಏರ್ ಫ್ಲೋ ಸೆನ್ಸರಿನತ್ತ ಗಮನ ಕೊಡಿ. ಕೋಡ್ ಅಳಿಸುವ ಮುನ್ನ, ದೋಷ ದಾಖಲಾದ ಕ್ಷಣದ ವೇಗ, ಶಾಖ, ಭಾರ ಇವುಗಳ ವಿವರವನ್ನು ಬರೆದಿಟ್ಟುಕೊಳ್ಳಿ. ಅಳಿಸಿದರೆ ಅದೂ ಹೋಗುತ್ತದೆ.

ದೀಪ ಸ್ಥಿರವಾಗಿ ಉರಿಯುತ್ತಿದ್ದು ಎಂಜಿನ್ ಸರಾಗವಾಗಿ ಓಡುತ್ತಿದ್ದರೆ ಪರೀಕ್ಷೆಗೆ ಕೆಲವು ದಿನ ಕಾಯಬಹುದು. ಮಿನುಗತೊಡಗಿದರೆ ಹಾಗಲ್ಲ: ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ, ಉರಿಯದ ಪೆಟ್ರೋಲ್ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಒಳಗಿನಿಂದ ಕಾಯಿಸುತ್ತಿದೆ ಎಂದರ್ಥ. ಆಗ ವೇಗ ತಗ್ಗಿಸಿ, ಸುರಕ್ಷಿತ ಜಾಗ ಸಿಕ್ಕ ಕೂಡಲೇ ಎಂಜಿನ್ ಆರಿಸಿ, ಕಾರನ್ನು ಗ್ಯಾರೇಜಿಗೆ ಎಳೆಸಿಕೊಂಡು ಹೋಗಿ.