ಕೊಲಾಸ್ಟಮಿ ಮುಚ್ಚಿದ ಮೇಲೆ ಪದೇ ಪದೇ ಶೌಚ

ಪ್ರಶ್ನೆ: ನನಗೆ 54 ವರ್ಷ. ಗುದನಾಳದ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ ಮಲ ಹೊರಹೋಗಲು ಹೊಟ್ಟೆಗೆ ಹಾಕಿದ್ದ ಚೀಲವನ್ನು (ಕೊಲಾಸ್ಟಮಿ) ಎರಡು ತಿಂಗಳ ಹಿಂದೆ ತೆಗೆದು, ಕರುಳನ್ನು ಮತ್ತೆ ಜೋಡಿಸಿದ್ದಾರೆ. ಈಗ ದಿನಕ್ಕೆ ಎಂಟು ಹತ್ತು ಬಾರಿ ಶೌಚಕ್ಕೆ ಓಡಬೇಕಾಗಿದೆ. ಇದು ಸರಿಹೋಗುವುದೇ?

ಉತ್ತರ: ನಿಮ್ಮ ಆತಂಕ ಸಹಜವಾದುದು, ಆದರೆ ಎರಡು ತಿಂಗಳಿಗೇ ನಿರಾಶರಾಗಬೇಡಿ. ಮಲವನ್ನು ಹಿಡಿದಿಟ್ಟುಕೊಳ್ಳುತ್ತಿದ್ದ ಗುದನಾಳದ ಭಾಗವನ್ನು ತೆಗೆದಿರುವುದರಿಂದ ಸಂಗ್ರಹಕ್ಕೆ ಸ್ಥಳ ಕಡಿಮೆಯಾಗಿದೆ. ಬಹುಕಾಲ ಕೆಲಸವಿಲ್ಲದಿದ್ದ ಗುದದ್ವಾರದ ಸ್ನಾಯುಗಳೂ ದುರ್ಬಲಗೊಂಡಿರುತ್ತವೆ. ವಿಕಿರಣ ಚಿಕಿತ್ಸೆಯೂ ಆಗಿದ್ದರೆ ತೊಂದರೆ ಹೆಚ್ಚು. ಸುಧಾರಣೆ ಸಾಮಾನ್ಯವಾಗಿ ಮೊದಲ ಒಂದು ವರ್ಷದಲ್ಲಿ ನಿಧಾನವಾಗಿ ಕಾಣುತ್ತದೆ, ಕೆಲವರಿಗೆ ಎರಡು ವರ್ಷವೂ ಹಿಡಿಯಬಹುದು. ಎಲ್ಲರಿಗೂ ಮೊದಲಿನಂತೆಯೇ ಆಗುತ್ತದೆ ಎಂದು ಭರವಸೆ ಕೊಡುವುದು ಮಾತ್ರ ಸರಿಯಲ್ಲ.

ಊಟವನ್ನು ಸ್ವಲ್ಪಸ್ವಲ್ಪವಾಗಿ, ನಿಗದಿತ ವೇಳೆಗೆ ಮಾಡಿ. ಅನ್ನ, ಮೊಸರು, ಬಾಳೆಹಣ್ಣು ಅನೇಕರಿಗೆ ಒಗ್ಗುತ್ತವೆ; ಖಾರ, ಕಾಫಿ, ಎಣ್ಣೆಯಲ್ಲಿ ಕರಿದ ತಿಂಡಿಗಳನ್ನು ಸದ್ಯಕ್ಕೆ ಕಡಿಮೆ ಮಾಡಿ, ಯಾವುದರಿಂದ ತೊಂದರೆಯಾಯಿತೆಂದು ಬರೆದಿಡಿ. ಇಸಬ್‌ಗೋಲ್ ಮಲವನ್ನು ಗಟ್ಟಿಗೊಳಿಸಬಲ್ಲದು. ಭೇದಿ ತಡೆಯುವ ಲೋಪೆರಮೈಡ್ ಮಾತ್ರೆಯನ್ನು ಮಾತ್ರ ವೈದ್ಯರು ಹೇಳಿದ ಪ್ರಮಾಣದಲ್ಲೇ ತೆಗೆದುಕೊಳ್ಳಬೇಕು. ಗಾಳಿ ಹೋಗದಂತೆ ತಡೆಯುವಾಗ ಬಿಗಿಯಾಗುವ ಸ್ನಾಯುಗಳನ್ನು ದಿನಕ್ಕೆ ಹಲವು ಬಾರಿ ಬಿಗಿಹಿಡಿದು ಸಡಿಲಿಸುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟರಿಂದ ಕಲಿಯಿರಿ. ನನ್ನ ಅಭಿಪ್ರಾಯದಲ್ಲಿ ಬಹಳ ಮಂದಿ ಅರ್ಧಕ್ಕೇ ಕೈಬಿಡುವುದು ಇದನ್ನೇ. ಶೌಚದ ನಂತರ ನೀರಿನಿಂದ ಮೃದುವಾಗಿ ತೊಳೆದು, ಒತ್ತಿ ಒರೆಸಿ, ಝಿಂಕ್ ಆಕ್ಸೈಡ್ ಮುಲಾಮು ಹಚ್ಚಿದರೆ ಚರ್ಮದ ಉರಿ ತಗ್ಗುತ್ತದೆ.

ಜ್ವರ, ತೀವ್ರ ಹೊಟ್ಟೆನೋವು, ವಾಂತಿ, ರಕ್ತಸ್ರಾವ, ಅಥವಾ ಮಲ ಮತ್ತು ಗಾಳಿ ಎರಡೂ ನಿಂತುಹೋದರೆ ಅದೇ ದಿನ ಆಸ್ಪತ್ರೆಗೆ ಹೋಗಿ.