ಎರೆಮಣ್ಣಿನ ಸೀಮೆಗೆ ಎಂಥ ಗಾಳದ ಕೋಲು?

ಪ್ರಶ್ನೆ: ನಾನು ಔಷಧಿ ಕಂಪನಿಯೊಂದರ ಪ್ರತಿನಿಧಿ, ಊರು ಸಿಂಧನೂರು. ವಾರದಲ್ಲಿ ಐದು ದಿನ ಬೈಕಿನ ಮೇಲೆ ಮಾನ್ವಿ, ಗಂಗಾವತಿ, ಕೊಪ್ಪಳ ಅಂತ ತಿರುಗಾಟ. ಕೆಲಸ ಮುಗಿದ ಮೇಲೆ ಎಲ್ಲಾದರೂ ಕೆರೆ ದಂಡೆಯಲ್ಲಿ ಒಂದು ತಾಸು ಗಾಳ ಹಾಕಿ ಕೂಡುವ ಆಸೆ. ಅಂಗಡಿಯಲ್ಲಿ ಮೂರು ಕೋಲು ತೋರಿಸಿದರು: 3.6 ಮೀಟರಿನ ಕಾರ್ಬನ್ ಟೆಲಿಸ್ಕೋಪಿಕ್ (ತುಂಡುಗಳು ಒಂದರೊಳಗೊಂದು ಜಾರಿ ಸೇರುವಂಥದ್ದು), 2.1 ಮೀಟರಿನ ಗ್ಲಾಸ್ ಫೈಬರ್ ಟೆಲಿಸ್ಕೋಪಿಕ್, ಇನ್ನೊಂದು ನಾಲ್ಕು ತುಂಡು ಜೋಡಿಸುವ 2.1 ಮೀಟರಿನ ಕೋಲು. ನನ್ನ ಬ್ಯಾಗು ಎರಡಡಿ ಉದ್ದ ಇದೆ. ಯಾವುದು ತೊಗೊಳ್ಳಲಿ?

ಉತ್ತರ: ನಾಲ್ಕು ತುಂಡಿನದು ತೊಗೊಳ್ಳಿ ತಮ್ಮ. ಯಾಕೆ ಅಂತ ಹೇಳುತ್ತೇನೆ.

ನಾನು ಮೂವತ್ತೊಂದು ವರ್ಷ ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದವನು. ತೋರಣಗಲ್ಲು, ರಂಜಿತ್‌ಪುರದ ಕಡೆಯಿಂದ ಅದಿರು ತುಂಬಿದ ರೇಕುಗಳ ಹಿಂದೆ ಬ್ರೇಕ್ ವ್ಯಾನಿನಲ್ಲಿ ಕೂತು ಓಡಾಡಿದ್ದೇ ನನ್ನ ಕಸುಬು. ಹೊಸಪೇಟೆ ರನ್ನಿಂಗ್ ರೂಮಿನಲ್ಲಿ ವಿಶ್ರಾಂತಿ ಸಿಕ್ಕಾಗಲೆಲ್ಲ ಹೊಳೆ ದಾಟಿ ಮುನಿರಾಬಾದಿಗೆ ಹೋಗಿ ಹಿನ್ನೀರಿನ ದಂಡೆಯಲ್ಲಿ ಕೂಡುತ್ತಿದ್ದೆ. ಗಾರ್ಡುಗಳು ಸಾಮಾನು ಇಟ್ಟುಕೊಳ್ಳುವ ಲೈನ್ ಪೆಟ್ಟಿಗೆಯೊಳಗೆ ಹಿಡಿಸಲಿ ಅಂತ ನಾನು ಕೊಂಡ ಮೊದಲ ಕೋಲು ಟೆಲಿಸ್ಕೋಪಿಕ್. ಮಡಚಿದರೆ ಮೊಳದುದ್ದ, ಒಂಬತ್ತು ತುಂಡು ಒಂದರೊಳಗೊಂದು. ನೋಡಲು ಎಷ್ಟು ಚೆಂದ ಇತ್ತೆಂದರೆ ಮನೆಯಲ್ಲಿ ಎಲ್ಲರಿಗೂ ಬಿಚ್ಚಿ ಮುಚ್ಚಿ ತೋರಿಸಿದ್ದೆ. ಅಂಗಡಿಯವರು ಹತ್ತು ವರ್ಷಕ್ಕೆ ಚಿಂತೆಯಿಲ್ಲ ಅಂದಿದ್ದರು. ಎರಡನೇ ಬೇಸಿಗೆಯಲ್ಲೇ ನಾಲ್ಕನೇ ತುಂಡು ಐದನೆಯದರೊಳಗೆ ಕಚ್ಚಿಕೊಂಡು ಕೂತಿತು. ಹಿಂದಿನ ಸಂಜೆ ಕೋಲನ್ನು ದಂಡೆಯ ಮರಳಿನ ಮೇಲೆ ಇಟ್ಟು, ಒದ್ದೆ ಇರುವಾಗಲೇ ಮುಚ್ಚಿದ್ದೆ. ಇಕ್ಕಳ ಹಾಕಿ ಎಳೆದೆ. ಟಕ್ಕೆಂದು ಸದ್ದಾಯಿತು. ಕೂದಲೆಳೆಯಷ್ಟು ಸಣ್ಣ ಬಿರುಕು, ಬೆರಳು ಆಡಿಸಿದರೆ ಮಾತ್ರ ತಿಳಿಯುವಂಥದ್ದು. ಮುಂದಿನ ವಾರ ಒಂದು ಮಧ್ಯಮ ಗಾತ್ರದ ಕಟ್ಲಾ ಮೀನು ಎಳೆಯುವಾಗ ಕೋಲು ಅಲ್ಲೇ ಮುರಿಯಿತು.

ನಮ್ಮ ಸೀಮೆಯ ಧೂಳು ನಿಮಗೆ ಗೊತ್ತೇ ಇದೆ. ರಾಯಚೂರು, ಸಿಂಧನೂರಿನ ಎರೆಮಣ್ಣು ಒಣಗಿದರೆ ಮುಖಕ್ಕೆ ಹಚ್ಚುವ ಪೌಡರಿನಷ್ಟು ನಯ. ಸಂಡೂರಿನ ಕಡೆ ಹೋದರೆ ಅದಿರಿನ ಕೆಂಪು ಹುಡಿ. ಟೆಲಿಸ್ಕೋಪಿಕ್ ಕೋಲಿನ ಒಂದೊಂದು ತುಂಡೂ ಇನ್ನೊಂದನ್ನು ಬರೀ ಬಿಗಿತದಿಂದ ಹಿಡಿದು ನಿಲ್ಲುತ್ತದೆ. ಆ ಬಿಗಿತದ ಜಾಗಕ್ಕೆ ಧೂಳು ಸೇರಿದರೆ ಅರದಂತೆ ಉಜ್ಜುತ್ತದೆ. ಮೊದಲು ಸಿಕ್ಕಿಹಾಕಿಕೊಳ್ಳುತ್ತದೆ, ಆಮೇಲೆ ಸವೆದು ಸಡಿಲಾಗಿ, ಬೀಸಿದಾಗ ತಾನೇ ಒಳಗೆ ಜಾರುತ್ತದೆ. ನಾಲ್ಕು ತುಂಡಿನ ಕೋಲಿಗೆ ಇರುವುದು ಮೂರೇ ಕೂಡು. ಮೂರನ್ನೂ ಒರೆಸಬಹುದು, ಒಳಗೆ ಕಣ್ಣು ಹಾಯಿಸಿ ನೋಡಬಹುದು. ಹಾಗಾಗಿ ಕೋಲು ಕೊಳ್ಳುವಾಗ ನಾನು ಮೊದಲು ನೋಡುವುದು ಅದನ್ನು ಪೂರ್ತಿ ಬಿಚ್ಚಿ ತೊಳೆಯಲು ಬರುತ್ತದೋ ಇಲ್ಲವೋ ಎಂಬುದನ್ನು. ಉದ್ದ, ಬಣ್ಣ, ಬೆಲೆ ಎಲ್ಲ ಆಮೇಲೆ. ನಿಮಗೆ ತೋರಿಸಿದ ಕೋಲಿನ ಒಂದೊಂದು ತುಂಡು ಸುಮಾರು 55 ಸೆಂಟಿಮೀಟರ್ ಬರುತ್ತದೆ, ಎರಡಡಿ ಬ್ಯಾಗಿನಲ್ಲಿ ಆರಾಮಾಗಿ ಕೂಡುತ್ತದೆ.

3.6 ಮೀಟರಿನದು ನಿಮಗೆ ಬೇಡ. ಅಣೆಕಟ್ಟೆಯ ಕಲ್ಲುಕಟ್ಟಡದ ಮೇಲೆ ನಿಂತು ದೂರ ಎಸೆಯುವವರಿಗೆ ಅಷ್ಟುದ್ದ ಬೇಕಾಗಬಹುದು. ಕೆರೆಯ ದಂಡೆಯಲ್ಲಿ ಜಾಲಿ ಗಿಡಗಳ ನಡುವೆ ನಿಂತು ಬೀಸುವವರಿಗೆ 2.1 ಮೀಟರ್ ಸಾಕು. ಉದ್ದದ ಕೋಲು ಜಾಲಿಗೇ ಸಿಕ್ಕಿಕೊಳ್ಳುತ್ತದೆ.

ಅಂಗಡಿಯಲ್ಲಿ ಅವಸರ ಮಾಡಬೇಡಿ. ಕೋಲನ್ನು ಪೂರ್ತಿ ಜೋಡಿಸಿ, ಹಿಡಿಕೆಯ ಕಡೆಯಿಂದ ಬಂದೂಕಿನ ಗುರಿ ನೋಡಿದಂತೆ ಒಂದು ಕಣ್ಣು ಮುಚ್ಚಿ ನೋಡಿ. ದಾರ ಹಾಯುವ ಉಂಗುರಗಳೆಲ್ಲ ಒಂದೇ ಸಾಲಿನಲ್ಲಿರಬೇಕು. ತುದಿಯನ್ನು ಅಂಗಡಿಯವರ ಕೈಗೆ ಕೊಟ್ಟು ನಿಧಾನಕ್ಕೆ ಬಗ್ಗಿಸಿ. ಬಾಗು ಒಂದೇ ಸಮ ಇಳಿದು ಬರಬೇಕು, ಕೂಡಿನ ಹತ್ತಿರ ಮೊಣಕೈಯಂತೆ ಮುರಿದು ಕಾಣಬಾರದು. ಆಮೇಲೆ ಜೇಬಿನಿಂದ ಚೂರು ಹತ್ತಿ ತೆಗೆಯಿರಿ. ಹತ್ತಿ ಬೆಳೆಯುವ ನಾಡಿನವರು ನಾವು, ಮನೆಯಲ್ಲಿ ದೀಪದ ಬತ್ತಿಗೆ ಇಟ್ಟಿದ್ದೇ ಆಗುತ್ತದೆ. ಅದನ್ನು ಸಡಿಲಾಗಿ ಹೊಸೆದು ಒಂದೊಂದು ಉಂಗುರದೊಳಗೂ ತೂರಿಸಿ, ಸುತ್ತಲೂ ಒತ್ತಿ ಎಳೆಯಿರಿ. ಉಂಗುರದ ಒಳಗಿನ ಪಿಂಗಾಣಿ ಬಳೆಯಲ್ಲಿ ಕಣ್ಣಿಗೆ ಕಾಣದ ಸೀಳಿದ್ದರೂ ಹತ್ತಿಯ ಎಳೆ ಅಲ್ಲಿ ಸಿಕ್ಕಿ ಬಿಳಿ ನೂಲಾಗಿ ನಿಲ್ಲುತ್ತದೆ. ಅಂಥ ಸೀಳು ನಿಮ್ಮ ನೈಲಾನ್ ದಾರವನ್ನು ಪ್ರತಿ ಸಲವೂ ಕೆರೆಯುತ್ತದೆ, ಕೊನೆಗೆ ದೊಡ್ಡ ಮೀನು ಬಿದ್ದ ದಿನವೇ ಹರಿಯುತ್ತದೆ. ಅಂಗಡಿಯವರು ಬೇಜಾರು ಮಾಡಿಕೊಂಡರೂ ಎಲ್ಲ ಉಂಗುರಕ್ಕೂ ಹೀಗೆ ಮಾಡಿ ನೋಡಿ.

ಕೋಲಿನ ಮೈಮೇಲೆ ಎಷ್ಟು ಗ್ರಾಂ ತೂಕ ಎಸೆಯಬಹುದು ಅಂತ ಅಚ್ಚು ಹಾಕಿರುತ್ತಾರೆ. 10ರಿಂದ 30 ಗ್ರಾಂ ಅಂತಿದ್ದರೆ ನಮ್ಮ ಜಿಲೇಬಿ ಮೀನು, ರೋಹು, ಸಣ್ಣ ಕಟ್ಲಾಕ್ಕೆ ಹೊಂದುತ್ತದೆ. ಬರೀ ಕಾರ್ಬನ್ ಹಗುರ, ಮೀನು ಮುಟ್ಟಿದ್ದು ಕೈಗೆ ಬೇಗ ತಿಳಿಯುತ್ತದೆ, ಆದರೆ ಕಲ್ಲಿಗೆ ಬಡಿದರೆ ಸಹಿಸುವುದಿಲ್ಲ. ಗ್ಲಾಸ್ ಫೈಬರ್ ಭಾರ, ಪೆಟ್ಟು ತಡೆಯುತ್ತದೆ. ಬೈಕಿನ ಮೇಲೆ ದಿನವೂ ಕುಲುಕಾಡುವ ಕೋಲಿಗೆ ಎರಡೂ ಬೆರೆಸಿದ್ದು ಸಿಕ್ಕರೆ ಒಳ್ಳೆಯದು. ರೀಲು 2500 ಅಥವಾ 3000 ಅಳತೆಯದು, ದಾರ 0.28 ಮಿಲಿಮೀಟರ್ ದಪ್ಪದ್ದು ಹಾಕಿಸಿ.

ಕೋಲಿನ ಮನೆಗೆ ದುಡ್ಡು ಸುರಿಯಬೇಡಿ. ಬೋರ್‌ವೆಲ್ ಸಾಮಾನಿನ ಅಂಗಡಿಯಲ್ಲಿ ಎರಡಿಂಚಿನ ಪಿವಿಸಿ ಪೈಪು 60 ಸೆಂಟಿಮೀಟರ್ ಕತ್ತರಿಸಿ ಕೊಡುತ್ತಾರೆ. ಎರಡು ಬದಿಗೂ ಮುಚ್ಚಳ, ಒಳಗೆ ಎರಡು ತುಂಡು ಫೋಮ್. ಉಂಗುರಗಳು ಒಂದಕ್ಕೊಂದು ತಾಗದಂತೆ ತುಂಡುಗಳನ್ನು ಹಳೆಯ ಪಂಚೆಯ ಬಟ್ಟೆಯಲ್ಲಿ ಸುತ್ತಿ ಇಡಿ. ಒದ್ದೆ ಕೋಲನ್ನು ಮಾತ್ರ ಅದರೊಳಗೆ ಹಾಕಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ಪೈಪನ್ನು ಬಿಸಿಲಿಗೆ ಬಿಟ್ಟು ಹೋಗಲೂಬೇಡಿ. ತುದಿಯ ಉಂಗುರವನ್ನು ಸಾಮಾನ್ಯವಾಗಿ ಬಿಸಿಗೆ ಕರಗುವ ಅಂಟಿನಿಂದ ಕೂಡಿಸಿರುತ್ತಾರೆ. ರಾಯಚೂರಿನ ಬಿಸಿಲು ಅದನ್ನು ಬಿಡಿಸಬಲ್ಲದು.

ಇನ್ನೊಂದು ಮಾತು, ಇದು ಕೋಲಿಗಿಂತ ಮುಖ್ಯ. ಗಂಗಾವತಿ ಕಡೆ ತಿರುಗುತ್ತೀರಿ ಅಂದಿರಿ. ಮುದ್ಲಾಪುರದಿಂದ ಕಂಪ್ಲಿಯವರೆಗೆ ತುಂಗಭದ್ರೆಯ 34 ಕಿಲೋಮೀಟರ್ ಹರಿವನ್ನು ಸರ್ಕಾರ 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶ ಅಂತ ಘೋಷಿಸಿದೆ. ಅಲ್ಲಿ ಗಾಳ ಬಿಚ್ಚಬೇಡಿ. ಒಂದು ನಸುಕಿನಲ್ಲಿ ಆನೆಗೊಂದಿ ಹತ್ತಿರ ಬಂಡೆಯ ಮೇಲೆ ತಾಯಿ ನೀರುನಾಯಿ ಮೂರು ಮರಿಗಳಿಗೆ ಮೀನು ಹರಿದು ಕೊಡುತ್ತಿದ್ದುದನ್ನು ನೋಡಿದ್ದೇನೆ. ಆ ಹೊಳೆಯ ಮೀನು ಅವುಗಳದು. ಬೇರೆ ಕೆರೆಗಳನ್ನೂ ಮೀನುಗಾರಿಕೆಗೆ ಗುತ್ತಿಗೆ ಕೊಟ್ಟಿರುತ್ತಾರೆ. ಗುತ್ತಿಗೆ ಹಿಡಿದವರನ್ನು ಕೇಳಿ, ಅವರು ಒಪ್ಪಿದ ಮೇಲೆ ಕೂಡಿ. ಮಳೆಗಾಲದಲ್ಲಿ ಹೊಸ ನೀರು ಬಂದಾಗ ಕಟ್ಲಾ, ರೋಹು ಮೊಟ್ಟೆ ಇಡುತ್ತವೆ, ಆಗ ಬಿಟ್ಟುಬಿಡಿ.

ಪ್ರಶ್ನೆ: ನನ್ನ ಮಗ ಹದಿನಾಲ್ಕು ವರ್ಷದವನು. ಸೋದರಮಾವ ಕೊಟ್ಟ ಕಾರ್ಬನ್ ಟೆಲಿಸ್ಕೋಪಿಕ್ ಕೋಲು ಹಿಡಿದು ಶಕ್ತಿನಗರದ ಕಡೆ ಕೃಷ್ಣೆಗೆ ಗೆಳೆಯರ ಜೊತೆ ಹೋಗುತ್ತೇನೆ ಅನ್ನುತ್ತಾನೆ. ಕಳಿಸಬಹುದೇ? (ರಾಯಚೂರಿನ ತಾಯಿಯೊಬ್ಬರು)

ಉತ್ತರ: ದೊಡ್ಡವರಿಲ್ಲದೆ ಕಳಿಸಬೇಡಿ ತಾಯಿ. ಕೃಷ್ಣೆಯಲ್ಲಿ ಮೊಸಳೆಗಳಿವೆ. ದೊಡ್ಡವರು ಜೊತೆಗಿದ್ದರೂ ನೀರಿನ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂಡುವುದು, ಸಿಕ್ಕ ಮೀನನ್ನು ಅಲ್ಲೇ ತೊಳೆಯುವುದು ಬೇಡ. ಎತ್ತರದ ದಂಡೆಯಲ್ಲಿ ನಿಲ್ಲಲಿ.

ಕಾರ್ಬನ್ ಅಂದಿರಿ. ಕಾರ್ಬನ್ನಿನಲ್ಲಿ ಕರೆಂಟು ಹರಿಯುತ್ತದೆ, ಇದನ್ನು ಹುಡುಗನಿಗೆ ಬಿಡಿಸಿ ಹೇಳಿ. ಹೊಲದ ಬದಿಯಲ್ಲಿ, ಕಾಲುವೆಯ ಪಕ್ಕದಲ್ಲಿ ಪಂಪ್‌ಸೆಟ್ಟಿನ ತಂತಿಗಳು ಜೋತು ಬಿದ್ದಿರುತ್ತವೆ. ಪೂರ್ತಿ ಬಿಚ್ಚಿದ ಕೋಲನ್ನು ಹೆಗಲ ಮೇಲೆ ಎತ್ತಿ ಹಿಡಿದು ನಡೆದರೆ ತುದಿ ತಂತಿಗೆ ತಾಗಲು ಎಷ್ಟು ಹೊತ್ತು? ನೀರಿನ ಹತ್ತಿರ ಹೋದ ಮೇಲೆ, ತಲೆ ಎತ್ತಿ ನೋಡಿದ ಮೇಲೆಯೇ ಬಿಚ್ಚಬೇಕು. ಗುಡುಗಿನ ಸದ್ದು ಕೇಳಿದ ಕ್ಷಣ ಕೋಲು ಕೆಳಗಿಟ್ಟು ದಂಡೆ ಬಿಟ್ಟು ಬರಬೇಕು.

ಪ್ರಶ್ನೆ: ಟೆಲಿಸ್ಕೋಪಿಕ್ ಕೋಲು ತೆಗೆದುಕೊಂಡಾಗಿದೆ, ಈಗ ಒಂದು ತುಂಡು ಒಳಗೆ ಹೋಗುತ್ತಿಲ್ಲ. ಏನು ಮಾಡಲಿ? (ಕುಷ್ಟಗಿಯ ಓದುಗರು)

ಉತ್ತರ: ಇಕ್ಕಳ ಮುಟ್ಟಬೇಡಿ, ನಾನು ಕಳೆದುಕೊಂಡದ್ದು ಹಾಗೆಯೇ. ಹಳೆಯ ಸೈಕಲ್ ಟ್ಯೂಬಿನ ಎರಡು ತುಂಡು ಕತ್ತರಿಸಿ, ಕೂಡಿನ ಆಚೆ ಈಚೆ ಹತ್ತಿರದಲ್ಲೇ ಸುತ್ತಿ ಹಿಡಿದು, ಎದುರುಬದುರಾಗಿ ತಿರುಗಿಸುತ್ತ ಒಳಕ್ಕೆ ಒತ್ತಿ. ಉಂಗುರ ಹಿಡಿದು ತಿರುಗಿಸಬೇಡಿ, ಕಿತ್ತು ಬರುತ್ತದೆ. ಆಗಲಿಲ್ಲವೆಂದರೆ ಕೋಲನ್ನು ನೆಟ್ಟಗೆ ನಿಲ್ಲಿಸಿ, ಬುಡವನ್ನು ಮರದ ಹಲಗೆಯ ಮೇಲೆ ಮೆಲ್ಲಗೆ ಕುಟ್ಟಿ.

ಬಿಟ್ಟುಕೊಂಡ ಮೇಲೆ ಬುಡದ ತಿರುಪು ಮುಚ್ಚಳ ತೆಗೆಯಿರಿ. ಅದು ಬರುವಂಥ ಕೋಲಾದರೆ ತುಂಡುಗಳೆಲ್ಲ ಹಿಂದಿನಿಂದ ಒಂದೊಂದಾಗಿ ಜಾರಿ ಬರುತ್ತವೆ. ಸಿಹಿನೀರಿನಲ್ಲಿ ತೊಳೆದು, ನೆರಳಲ್ಲಿ ಒಂದು ರಾತ್ರಿ ಒಣಗಿಸಿ, ಬಂದ ಸರದಿಯಲ್ಲೇ ಮತ್ತೆ ತೂರಿಸಿ. ಎಣ್ಣೆ, ಗ್ರೀಸ್ ಹಚ್ಚಬೇಡಿ, ಧೂಳು ಅದಕ್ಕೇ ಅಂಟುತ್ತದೆ. ಮುಂದೆ ಬಿಚ್ಚುವಾಗ ತುದಿಯ ತೆಳ್ಳನೆ ತುಂಡಿನಿಂದ ಶುರು ಮಾಡಿ, ಮುಚ್ಚುವಾಗ ಬುಡದ ದಪ್ಪ ತುಂಡಿನಿಂದ. ಬಾರುಕೋಲಿನಂತೆ ಬೀಸಿ ಬಿಚ್ಚುವುದು ನೋಡಲು ಚೆಂದ, ಆದರೆ ಒಂದೊಂದು ಬೀಸಿಗೂ ಕೂಡು ಆಳಕ್ಕೆ ಕಚ್ಚಿಕೊಳ್ಳುತ್ತದೆ. ದಿನವೂ ಮುಚ್ಚುವ ಮುಂಚೆ ಒಂದೊಂದು ತುಂಡನ್ನೂ ಒಣಬಟ್ಟೆಯಿಂದ ಒರೆಸಿಯೇ ಒಳಗೆ ಕಳಿಸಿ. ಎರಡು ನಿಮಿಷದ ಕೆಲಸ ಅದು, ಕತ್ತಲಾಗುವ ಮುಂಚೆ ಮುಗಿಸಿ.